ಹುಳುವಿಗೆ ಸ್ಮಾರಕ ಕಟ್ಟಿದ ನಾಡು

ವೀರರಿಗೆ ವಿಗ್ರಹಗಳನ್ನು ನಿಲ್ಲಿಸುವುದು ಎಲ್ಲ ನಾಡುಗಳ ವಾಡಿಕೆ. ಆದರೆ ತಮ್ಮ ಬೆಳೆಯನ್ನು ತಿಂದು ಹಾಳುಮಾಡಿದ ಹುಳುವಿಗೆ ಸ್ಮಾರಕ ಕಟ್ಟಿದ ಜನರೂ ಉಂಟು. ಅಮೆರಿಕದ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗಕ್ಕೆ ಸೇರಿದ ಅಲಬಾಮಾದಲ್ಲಿ ಎಂಟರ್‌ಪ್ರೈಸ್ ಎಂಬ ಊರಿದೆ. 1919ರ ಡಿಸೆಂಬರಿನಲ್ಲಿ ಆ ಊರಿನವರು ಪೇಟೆಯ ನಡುವೆ ಸ್ತ್ರೀವಿಗ್ರಹವೊಂದನ್ನು ಸ್ಥಾಪಿಸಿ, ಹತ್ತಿಯ ಮೂತಿಹುಳುವಿಗೆ ತಮ್ಮ ಕೃತಜ್ಞತೆಯನ್ನು ಅಕ್ಷರಗಳಲ್ಲಿ ಕೆತ್ತಿಸಿದರು. 1949ರಲ್ಲಿ ಆಕೆಯ ಎತ್ತಿದ ಕೈಗಳ ಮೇಲೆ ಹುಳುವಿನ ಪ್ರತಿಮೆಯೂ ಬಂದು ಕುಳಿತಿತು. ಹಾಸ್ಯದಂತೆ ತೋರುವ ಈ ಸ್ಮಾರಕದ ಹಿಂದೆ ಒಂದು ನಾಡಿನ ಆರ್ಥಿಕ ಇತಿಹಾಸವೇ ಅಡಗಿದೆ.

ನೆಲ, ನೀರು

ಉತ್ತರಕ್ಕೆ ಟೆನೆಸಿ, ಪೂರ್ವಕ್ಕೆ ಜಾರ್ಜಿಯಾ, ಪಶ್ಚಿಮಕ್ಕೆ ಮಿಸಿಸಿಪಿ, ದಕ್ಷಿಣಕ್ಕೆ ಫ್ಲಾರಿಡಾ ಮತ್ತು ಮೆಕ್ಸಿಕೋ ಕೊಲ್ಲಿ — ಇವು ಅಲಬಾಮಾದ ಎಲ್ಲೆಗಳು. ವಿಸ್ತೀರ್ಣ ಸುಮಾರು 52,000 ಚದರ ಮೈಲಿ. ಎಂದರೆ ಕರ್ನಾಟಕದ ಹತ್ತರಲ್ಲಿ ಏಳು ಪಾಲು. ಜನಸಂಖ್ಯೆಯಾದರೋ 2020ರ ಗಣತಿಯಂತೆ ಕೇವಲ 50 ಲಕ್ಷ. ಈಶಾನ್ಯದಲ್ಲಿ ಅಪಲೇಚಿಯನ್ ಪರ್ವತಶ್ರೇಣಿಯ ಕೊನೆಯ ಸಾಲುಗಳಿವೆ. ಅಲಬಾಮಾ, ಟಾಂಬಿಗ್ಬಿ ಮೊದಲಾದ ನದಿಗಳ ನೀರು ದಕ್ಷಿಣಕ್ಕೆ ಹರಿದು ಮೊಬೀಲ್ ಕೊಲ್ಲಿಯನ್ನು ಸೇರುತ್ತದೆ. ನಾಡಿನ ನಡುವಿಗೆ ಒಡ್ಯಾಣದಂತೆ ಕಪ್ಪು ಮಣ್ಣಿನ ಪಟ್ಟಿಯೊಂದು ಹಾದುಹೋಗಿದೆ. ‘ಬ್ಲ್ಯಾಕ್ ಬೆಲ್ಟ್’ ಎಂದು ಹೆಸರಾದ ಈ ಪಟ್ಟಿಯೇ ಅಲಬಾಮಾದ ಭಾಗ್ಯಕ್ಕೂ ದೌರ್ಭಾಗ್ಯಕ್ಕೂ ಮೂಲವಾಯಿತು.

ಹತ್ತಿಯ ಆಳ್ವಿಕೆ

ಈ ನೆಲದ ಮೊದಲ ಒಡೆಯರು ಕ್ರೀಕ್, ಚೆರೊಕೀ, ಚಾಕ್ಟಾ, ಚಿಕಸಾ ಜನರು. 1702ರಲ್ಲಿ ಫ್ರೆಂಚರು ಮೊಬೀಲ್ ವಸಾಹತನ್ನು ಸ್ಥಾಪಿಸಿದರು. ಬಳಿಕ ಅದು ಬ್ರಿಟಿಷರ, ಸ್ಪೇನಿನವರ ಕೈಗೆ ಹೋಗಿ ಕೊನೆಗೆ ಅಮೆರಿಕಕ್ಕೆ ಸೇರಿತು. 1814ರಲ್ಲಿ ಹಾರ್ಸ್‌ಶೂ ಬೆಂಡ್ ಎಂಬಲ್ಲಿ ಆಂಡ್ರ್ಯೂ ಜಾಕ್ಸನ್ನನ ಸೈನ್ಯ ಕ್ರೀಕ್ ಯೋಧರನ್ನು ಸೋಲಿಸಿತು. 1819ರಲ್ಲಿ ಅಲಬಾಮಾ ಒಕ್ಕೂಟದ 22ನೆಯ ಸಂಸ್ಥಾನವಾಯಿತು. 1830ರ ದಶಕದಲ್ಲಿ ಮೂಲನಿವಾಸಿಗಳಲ್ಲಿ ಬಹುಪಾಲು ಜನರನ್ನು ಮಿಸಿಸಿಪಿ ನದಿಯಾಚೆಗೆ ಅಟ್ಟಲಾಯಿತು. ತೆರವಾದ ಹೊಲಗಳಿಗೆ ಹತ್ತಿ ಬಂದಿತು. ಹತ್ತಿಯೊಡನೆ ಗುಲಾಮರು ಬಂದರು.

1860ರ ಗಣತಿಯಂತೆ ಅಲಬಾಮಾದ 9,64,201 ಜನರಲ್ಲಿ 4,35,080 ಮಂದಿ ಗುಲಾಮರು. ಹೊರದೇಶದಿಂದ ಗುಲಾಮರನ್ನು ತರುವುದು 1808ರಲ್ಲಿಯೇ ನಿಷಿದ್ಧವಾಗಿದ್ದರೂ, 1860ರಲ್ಲಿ ‘ಕ್ಲೊಟಿಲ್ಡಾ’ ಎಂಬ ಹಡಗು ಆಫ್ರಿಕಾದಿಂದ ನೂರಕ್ಕೂ ಹೆಚ್ಚು ಜನರನ್ನು ಗುಟ್ಟಾಗಿ ಹೊತ್ತು ಮೊಬೀಲಿಗೆ ಬಂದಿತು. ಅಪರಾಧವನ್ನು ಮುಚ್ಚಿಡಲು ಹಡಗನ್ನೇ ಸುಟ್ಟು ಮುಳುಗಿಸಿದರು. ಅದರ ಅವಶೇಷಗಳ ಗುರುತು ಖಚಿತವಾದದ್ದು 2019ರಲ್ಲಿ.

1861ರಲ್ಲಿ ಒಕ್ಕೂಟದಿಂದ ಸಿಡಿದ ದಕ್ಷಿಣದ ಸಂಸ್ಥಾನಗಳಿಗೆ ಅಲಬಾಮಾದ ಮಾಂಟ್‌ಗೊಮರಿಯೇ ಮೊದಲ ರಾಜಧಾನಿ. ಆ ಅಂತರ್ಯುದ್ಧದ ಬಿಸಿ ಕನ್ನಡ ನಾಡಿಗೂ ತಟ್ಟಿತು. 1840ರ ದಶಕದಲ್ಲಿಯೇ ಅಮೆರಿಕದ ತಳಿ ಧಾರವಾಡದ ಎರೆ ಹೊಲಗಳಲ್ಲಿ ಬೇರೂರಿ ‘ಧಾರವಾಡ-ಅಮೆರಿಕನ್’ ಎಂಬ ಹೆಸರು ಪಡೆದಿತ್ತು. ಅಮೆರಿಕದ ಹತ್ತಿ ನಿಂತು ಲ್ಯಾಂಕಷೈರಿನ ಗಿರಣಿಗಳು ಬರಿದಾದಾಗ ಧಾರವಾಡದ ಹತ್ತಿಯ ಬೆಲೆ ಒಮ್ಮೆಲೇ ಏರಿ, ಯುದ್ಧ ಮುಗಿದೊಡನೆ ಕುಸಿಯಿತು.

ಹುಳು ಕಲಿಸಿದ ಪಾಠ

1865ರಲ್ಲಿ ಗುಲಾಮಗಿರಿ ಅಳಿಯಿತು; ಭೂಮಿಯ ಒಡೆತನ ಮಾತ್ರ ಹೆಚ್ಚು ಬದಲಾಗಲಿಲ್ಲ. ಬಿಡುಗಡೆ ಹೊಂದಿದವರೂ ಬಡ ಬಿಳಿಯರೂ ಬೆಳೆಯಲ್ಲಿ ಪಾಲು ಕೊಡುವ ಕರಾರಿನ ಮೇಲೆ ಉತ್ತರು. ಬೀಜಕ್ಕೂ ಹಿಟ್ಟಿಗೂ ಸಾಲ ಕೊಡುವ ವರ್ತಕ ಹತ್ತಿಯನ್ನಲ್ಲದೆ ಬೇರೆ ಬೆಳೆಯನ್ನು ನಂಬನು. ಹೀಗಾಗಿ ವರ್ಷ ವರ್ಷವೂ ಹತ್ತಿಯೇ. ಮಣ್ಣು ಸವೆದರೂ ಹತ್ತಿಯೇ.

ಮೆಕ್ಸಿಕೋದಿಂದ ಹಬ್ಬಿದ ಮೂತಿಹುಳು 1910ರಲ್ಲಿ ಅಲಬಾಮಾವನ್ನು ಹೊಕ್ಕಿತು. ಕಾಲು ಅಂಗುಲದ ಈ ಹುಳುವಿನ ಹೆಣ್ಣು ಹತ್ತಿಯ ಮೊಗ್ಗನ್ನು ಕೊರೆದು ಮೊಟ್ಟೆಯಿಡುತ್ತದೆ, ಮರಿ ಒಳಗಿನಿಂದಲೇ ತಿಂದು ಬೆಳೆಯುತ್ತದೆ, ಮೊಗ್ಗು ಉದುರುತ್ತದೆ. ಎಂಟರ್‌ಪ್ರೈಸ್ ಸುತ್ತಲಿನ ರೈತರು ಹತಾಶರಾಗಿ ನೆಲಗಡಲೆಯನ್ನು ಬಿತ್ತಿದರು. ಕೆಲವೇ ವರ್ಷಗಳಲ್ಲಿ ಸಾಲ ತೀರಿ ಹಣ ಮಿಕ್ಕಿತು. ಹತ್ತಿ ನೆಲದ ಸಾರವನ್ನು ಹೀರುತ್ತದೆ, ನೆಲಗಡಲೆ ಮತ್ತು ಅಲಸಂದೆ ಅದನ್ನು ಮರಳಿ ತುಂಬುತ್ತವೆ ಎಂದು ಟಸ್ಕೀಗಿಯ ವಿದ್ಯಾಲಯದಲ್ಲಿ ಜಾರ್ಜ್ ವಾಷಿಂಗ್‌ಟನ್ ಕಾರ್ವರ್ 1896ರಿಂದ ಬೋಧಿಸುತ್ತ ಬಂದಿದ್ದರು. ಅವರು ಗುಲಾಮ ತಾಯಿಯ ಮಗ. ವಿಜ್ಞಾನಿಯ ಮಾತಿಗೆ ಮಣಿಯದಿದ್ದ ಅನೇಕರು ಹುಳುವಿನ ಹಲ್ಲಿಗೆ ಮಣಿದರು.

ಆದರೆ ಈ ಕೃತಜ್ಞತೆ ಎಲ್ಲರದೂ ಆಗಿರಲಿಲ್ಲ. ಸ್ವಂತ ಹೊಲವಿಲ್ಲದ ಸಹಸ್ರಾರು ಕರಿಯ ಕುಟುಂಬಗಳು ಗಂಟುಮೂಟೆ ಕಟ್ಟಿ ಷಿಕಾಗೊ, ಡೆಟ್ರಾಯಿಟ್‌ಗಳ ಹಾದಿ ಹಿಡಿದವು. ಉಳಿದವರು ಅವಮಾನವನ್ನು ನುಂಗಿಕೊಂಡೇ ಬಾಳಬೇಕಾಯಿತು. 1955ರ ಡಿಸೆಂಬರ್ 1ರಂದು ಮಾಂಟ್‌ಗೊಮರಿಯ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಎಂಬ ಹೊಲಿಗೆಯ ಕೆಲಸದ ಮಹಿಳೆ ಬಿಳಿಯನಿಗೆ ಸ್ಥಳ ಬಿಟ್ಟುಕೊಡಲಿಲ್ಲ. ಆಕೆಯ ಬಂಧನವಾದೊಡನೆ ಕರಿಯರು 381 ದಿನ ಬಸ್ಸುಗಳನ್ನು ತ್ಯಜಿಸಿ ಬಹುಮಟ್ಟಿಗೆ ಕಾಲ್ನಡಿಗೆಯಲ್ಲಿ ಓಡಾಡಿ ಗೆದ್ದರು. ಅವರ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಗಾಂಧೀಜಿಯವರ ಮಾರ್ಗವನ್ನು ಮೆಚ್ಚಿ, 1959ರಲ್ಲಿ ಭಾರತಕ್ಕೂ ಬಂದಿದ್ದರು.

ಕಬ್ಬಿಣದಿಂದ ಚಂದ್ರನವರೆಗೆ

ಅದಿರು, ಕಲ್ಲಿದ್ದಲು, ಸುಣ್ಣಕಲ್ಲು ಮೂರೂ ಹತ್ತಿರದಲ್ಲಿಯೇ ದೊರೆತುದರಿಂದ 1871ರಲ್ಲಿ ಹುಟ್ಟಿದ ಬರ್ಮಿಂಗ್‌ಹ್ಯಾಮ್ ಉಕ್ಕಿನ ನಗರವಾಯಿತು. ಅಲ್ಲಿನ ಗುಡ್ಡದ ಮೇಲೆ ಅಗ್ನಿದೇವ ವಲ್ಕನ್ನನ 56 ಅಡಿ ಎತ್ತರದ ಎರಕದ ವಿಗ್ರಹವಿದೆ. ಉತ್ತರದಲ್ಲಿ 1933ರಲ್ಲಿ ಆರಂಭವಾದ ಟೆನೆಸಿ ಕಣಿವೆ ಯೋಜನೆ ವಿದ್ಯುತ್ತನ್ನು ತಂದಿತು. 1969ರಲ್ಲಿ ಮಾನವನನ್ನು ಚಂದ್ರನತ್ತ ಒಯ್ದ ಸ್ಯಾಟರ್ನ್ ರಾಕೆಟ್ಟು ರೂಪುಗೊಂಡುದು ಹಂಟ್ಸ್‌ವಿಲ್ ನಗರದಲ್ಲಿ. 1997ರಿಂದ ಇಲ್ಲಿ ಮರ್ಸಿಡೀಸ್ ಕಾರುಗಳು ತಯಾರಾಗುತ್ತಿವೆ. ಬೇಸಾಯದ ವರಮಾನದಲ್ಲಿ ಇಂದು ಕೋಳಿ ಸಾಕಣೆಯೇ ಹತ್ತಿಯನ್ನು ಹಿಂದಿಕ್ಕಿದೆ.

ಇಷ್ಟಾದರೂ ಸಂಪತ್ತು ಎಲ್ಲೆಡೆಗೂ ಹರಿದಿಲ್ಲ. ಕಪ್ಪು ಮಣ್ಣಿನ ಪಟ್ಟಿ ಇಂದಿಗೂ ಅಮೆರಿಕದ ಅತಿ ಬಡ ಪ್ರದೇಶಗಳಲ್ಲೊಂದು. ಅಲ್ಲಿನ ಜಿಗುಟು ಮಣ್ಣಿನಲ್ಲಿ ನೀರು ಸುಲಭವಾಗಿ ಇಂಗದು. ದುಬಾರಿ ಕೊಳಚೆ ವ್ಯವಸ್ಥೆಯನ್ನು ಭರಿಸಲಾರದ ಬಡವರ ಮನೆಗಳ ಹಿತ್ತಿಲಲ್ಲಿ ಮಲಿನ ಜಲ ನಿಲ್ಲುತ್ತದೆ. ಅದೇ ಮಣ್ಣು ಒಂದು ಕಾಲಕ್ಕೆ ಹತ್ತಿಯನ್ನು ಬೆಳೆದು ತೋಟದ ಒಡೆಯರಿಗೆ ಬಿಳಿಯ ಕಂಬಗಳ ಸೌಧಗಳನ್ನು ಕಟ್ಟಿಕೊಟ್ಟಿತ್ತು. ಆ ಹತ್ತಿಯನ್ನು ಬಿಡಿಸಿದವರ ಮೊಮ್ಮಕ್ಕಳಿಗೆ ಅದರ ಫಲ ಇನ್ನೂ ಸಲ್ಲಬೇಕಾಗಿದೆ.