ಕೋನ ಅಳೆಯುವ ಕೊಳವೆ

ಮುಂಬೈಯ ವರ್ಲಿಯಲ್ಲಿರುವ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್ನಿನ ರೇಂಜಿನಲ್ಲಿ ಗುರಿಯಿಟ್ಟು ನಿಂತವರ ರೈಫಲ್ಲುಗಳ ಮೇಲೆ ದೂರದರ್ಶಕ ಕಾಣಸಿಗುವುದು ಅಪರೂಪ. ಒಲಿಂಪಿಕ್ ರೈಫಲ್ ಸ್ಪರ್ಧೆಗಳ ನಿಯಮವೇ ಅದನ್ನು ಒಪ್ಪುವುದಿಲ್ಲ. ಕಣ್ಣಿನ ಹತ್ತಿರ ಒಂದು ಸಣ್ಣ ರಂಧ್ರ, ನಳಿಗೆಯ ತುದಿಯಲ್ಲಿ ಒಂದು ಉಂಗುರ, ಬೇಕಾದವರಿಗೆ ನೋಟದೋಷ ಸರಿಪಡಿಸುವ ಒಂದು ಮಸೂರ, ಅಲ್ಲಿಗೆ ಮುಗಿಯಿತು. ಶೂಟರ್‌ಗಳು ಪೀಪ್ ಸೈಟ್ ಎನ್ನುವ ಈ ಸರಳ ಸಾಧನದಿಂದಲೇ ವರ್ಲಿಯಲ್ಲಿ ಅಭ್ಯಾಸ ಮಾಡಿದ ಅಂಜಲಿ ಭಾಗವತ್ 2000ದ ಸಿಡ್ನಿ ಒಲಿಂಪಿಕ್ಸ್‌ನ ಫೈನಲ್ ತಲುಪಿದರು. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿ ಮುಂಬೈಯಲ್ಲಿ ಶೂಟರ್ ಆಗಿ ಬೆಳೆದ ಸುಮಾ ಶಿರೂರ್ 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್‌ನ 10 ಮೀಟರ್ ಏರ್ ರೈಫಲ್ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಅಂಕ ಗಳಿಸಿದ್ದೂ ಹೀಗೆಯೇ. ಕೊಲ್ಹಾಪುರ ಸೀಮೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್‌ನ ಕಂಚು ಗೆದ್ದಾಗಲೂ ಗುರಿಯನ್ನು ದೊಡ್ಡದಾಗಿಸಿ ತೋರಿಸುವ ಗಾಜು ಅವರ ರೈಫಲ್ಲಿನ ಮೇಲಿರಲಿಲ್ಲ.

ದೂರದ ಗುರಿಯ ಹವ್ಯಾಸಕ್ಕೆ ಹೊಸದಾಗಿ ಬರುವವರು ರೈಫಲ್ಲಿನ ಮೇಲೆ ಕೂರಿಸುವ ದೂರದರ್ಶಕವನ್ನು, ಅಂದರೆ ಸ್ಕೋಪನ್ನು, ಕೊಳ್ಳಹೊರಟಾಗ ಮೊದಲು ಕೇಳುವುದು ಅದು ಎಷ್ಟು ಪಟ್ಟು ಹಿಗ್ಗಿಸಿ ತೋರಿಸುತ್ತದೆ ಎಂದು. ಅಂಗಡಿಯ ಡಬ್ಬಿಯ ಮೇಲೂ ಅದೇ ಅಂಕಿ ದಪ್ಪಕ್ಷರದಲ್ಲಿರುತ್ತದೆ. ಆದರೆ ಗುರಿ ಎಷ್ಟು ದೂರದಲ್ಲಿದೆ, ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಲೆಕ್ಕವನ್ನು ಬದಿಗಿಟ್ಟು, ಅದು ಕಣ್ಣಿನಲ್ಲಿ ಎಷ್ಟು ಕೋನವನ್ನು ಹಿಡಿಯುತ್ತದೆ ಎಂದು ನೋಡಿದರೆ ಚಿತ್ರ ಬೇರೆಯಾಗುತ್ತದೆ.

ಒಂದು ಡಿಗ್ರಿಯ 60ನೆಯ ಒಂದು ಭಾಗ ಒಂದು ಕಲೆ. ಕಲೆಯ 60ನೆಯ ಒಂದು ಭಾಗ ವಿಕಲೆ. ಹುಣ್ಣಿಮೆಯ ಚಂದ್ರನ ಅಗಲ ಸುಮಾರು 31 ಕಲೆ. 10 ಮೀಟರ್ ಗುರಿಹಲಗೆಯ ಕಪ್ಪು ವೃತ್ತದ ಅಗಲ 30.5 ಮಿಲಿಮೀಟರ್, ಅಂದರೆ ಹತ್ತೂವರೆ ಕಲೆ. ಅದರ ನಡುವಿನ ಹತ್ತು ಅಂಕದ ಚುಕ್ಕಿ ಕೇವಲ ಅರ್ಧ ಮಿಲಿಮೀಟರ್. ಆ ದೂರದಿಂದ ಅದು ಯಾರ ಕಣ್ಣಿಗೂ ಕಾಣದು. 4.5 ಮಿಲಿಮೀಟರ್ ದಪ್ಪದ ಪೆಲೆಟ್ಟಿನ ಅಂಚು ಆ ಚುಕ್ಕಿಗೆ ತಗುಲಿದರೂ ಹತ್ತು ಸಿಗುತ್ತದೆಯಾದ್ದರಿಂದ, ಪೆಲೆಟ್ಟಿನ ಕೇಂದ್ರ 5 ಮಿಲಿಮೀಟರ್ ಅಗಲದ ವೃತ್ತದೊಳಗೆ ಬಿದ್ದರೆ ಸಾಕು. ಕೋನದಲ್ಲಿ ಅದು 1.7 ಕಲೆ. ಇದೇ ಲೆಕ್ಕವನ್ನು 50 ಮೀಟರಿಗೆ ಹಾಕಿದರೆ 1.1 ಕಲೆ, 300 ಮೀಟರಿಗೆ 1.2 ಕಲೆ. ಸ್ಕೋಪಿಗೆ ಅವಕಾಶವಿರುವ ಎಫ್-ಕ್ಲಾಸ್ ಎಂಬ ದೂರಗುರಿಯ ಸ್ಪರ್ಧೆಯಲ್ಲಿ ಸಾವಿರ ಗಜದಾಚೆಯ ಹತ್ತರ ವೃತ್ತದ ಅಗಲ 10 ಇಂಚು, ಅಂದರೆ ಒಂದು ಕಲೆಗೆ ಕೂದಲೆಳೆಯಷ್ಟು ಕಡಿಮೆ. 50 ಮೀಟರಿನಿಂದ ಸಾವಿರ ಗಜಕ್ಕೆ ದೂರ ಹದಿನೆಂಟು ಪಟ್ಟು ಹಿಗ್ಗಿದರೂ ಶೂಟರ್‌ನಿಂದ ಬೇಡುವ ನಿಖರತೆ ಹೆಚ್ಚುಕಡಿಮೆ ಅಷ್ಟೇ ಉಳಿದಿದೆ. ಗುರಿಹಲಗೆಗಳನ್ನು ರೂಪಿಸಿದವರು ಮನುಷ್ಯನ ಕೈ, ಕಣ್ಣುಗಳ ಮಿತಿಯನ್ನು ಚೆನ್ನಾಗಿ ಬಲ್ಲವರು.

ಆ ಮಿತಿಯೂ ಕುತೂಹಲದ್ದೇ. ಆರೋಗ್ಯವಂತ ಕಣ್ಣು ಒಂದರ ಪಕ್ಕ ಒಂದಿರುವ ಎರಡು ಚುಕ್ಕಿಗಳನ್ನು ಬೇರೆಯಾಗಿ ಗುರುತಿಸಲು ಅವುಗಳ ನಡುವೆ ಸುಮಾರು ಒಂದು ಕಲೆಯ ಅಂತರ ಬೇಕು. ಆದರೆ ಎರಡು ಗೆರೆಗಳು ನೇರವಾಗಿ ಕೂಡಿವೆಯೋ ಇಲ್ಲವೋ, ಒಂದು ವೃತ್ತದ ಸುತ್ತ ಇನ್ನೊಂದು ಸಮನಾಗಿ ಕೂತಿದೆಯೋ ಇಲ್ಲವೋ ಎಂಬುದನ್ನು ಅದೇ ಕಣ್ಣು ಹತ್ತು ವಿಕಲೆಯಷ್ಟು, ಕೆಲವೊಮ್ಮೆ ಅದಕ್ಕೂ ಸಣ್ಣ ವ್ಯತ್ಯಾಸದಲ್ಲೇ ಹಿಡಿಯುತ್ತದೆ. ವರ್ನಿಯರ್ ಅಳತೆಪಟ್ಟಿ ಓದಲು ನೆರವಾಗುವ ಈ ಶಕ್ತಿಗೆ ವರ್ನಿಯರ್ ದೃಷ್ಟಿ ಎಂದೇ ಹೆಸರು. ಪೀಪ್ ಸೈಟ್ ದುಡಿಸಿಕೊಳ್ಳುವುದು ಇದನ್ನೇ. ಸುಮಾರು ಒಂದು ಮಿಲಿಮೀಟರಿನ ರಂಧ್ರ ಬೆಳಕಿನ ಕಿರಣಗಳನ್ನು ಕಿರಿದಾಗಿಸಿ, ಮುಂದಿನ ಉಂಗುರವನ್ನೂ ದೂರದ ಕಪ್ಪು ವೃತ್ತವನ್ನೂ ಒಟ್ಟಿಗೆ ಸಾಕಷ್ಟು ಸ್ಪಷ್ಟವಾಗಿ ತೋರಿಸುತ್ತದೆ. ಉಂಗುರ ಮತ್ತು ವೃತ್ತದ ನಡುವಿನ ಬಿಳಿ ಸುತ್ತು ಎಲ್ಲೆಡೆ ಸಮನಾಗಿದೆಯೇ ಎಂಬುದೊಂದನ್ನೇ ಕಣ್ಣು ನೋಡಿಕೊಳ್ಳುತ್ತದೆ. ಕಾಣದ ಚುಕ್ಕಿಗೆ ಗುರಿ ಕೂಡುವುದು ಹೀಗೆ.

ಹಾಗಿದ್ದ ಮೇಲೆ ಸ್ಕೋಪು ಏಕೆ ಬೇಕು? ದೂರ ಹೆಚ್ಚಿದಂತೆ ಗುಂಡು ಬೀಳುತ್ತದೆ, ಗಾಳಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಇವೆರಡಕ್ಕೂ ತಕ್ಕಂತೆ ಗುರಿಯನ್ನು ಒಂದು ಖಚಿತ ಕೋನದಷ್ಟು ಸರಿಸಬೇಕು. ಆ ಕೋನವನ್ನು ಕಣ್ಣೆದುರೇ ಅಳೆದು ತೋರಿಸಬಲ್ಲದ್ದು ಸ್ಕೋಪು. ಹಿಗ್ಗಿಸಿ ತೋರಿಸುವುದು ಅದರ ಎರಡನೆಯ ಕೆಲಸ.

ಈ ಅಳೆಯುವ ಗುಣ ದೂರದರ್ಶಕಕ್ಕೆ ಹುಟ್ಟಿನಿಂದ ಬಂದದ್ದಲ್ಲ. ಗೆಲಿಲಿಯೊ ಬಳಸಿದ ದೂರದರ್ಶಕದ ಕಣ್ಣಿನ ಬದಿಯಲ್ಲಿ ನಿಮ್ನ ಮಸೂರವಿತ್ತು. ಅದರ ಕೊಳವೆಯೊಳಗೆ ಎಲ್ಲಿಯೂ ನಿಜ ಪ್ರತಿಬಿಂಬ ಮೂಡುವುದಿಲ್ಲ. 1611ರಲ್ಲಿ ಕೆಪ್ಲರ್ ಎರಡು ಪೀನ ಮಸೂರಗಳ ವಿನ್ಯಾಸವನ್ನು ವಿವರಿಸಿದ. ಅದರಲ್ಲಿ ದೃಶ್ಯ ತಲೆಕೆಳಗಾಗಿ ಕಂಡರೂ, ಎರಡು ಮಸೂರಗಳ ನಡುವೆ ಒಂದೆಡೆ, ನಾಭಿತಲದಲ್ಲಿ, ನಿಜ ಪ್ರತಿಬಿಂಬ ಗಾಳಿಯಲ್ಲೇ ನಿಲ್ಲುತ್ತದೆ. ಅಲ್ಲಿ ಏನನ್ನು ಇಟ್ಟರೂ ಅದು ದೂರದ ವಸ್ತುವಿನ ಮೇಲೆ ಬರೆದಂತೆ ಕಾಣಬೇಕು. ಇದನ್ನು ತೋರಿಸಿಕೊಟ್ಟದ್ದು ಒಂದು ಜೇಡ ಎನ್ನುತ್ತಾರೆ. 1640ರ ಸುಮಾರಿಗೆ ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕಾಯ್ನ್ ಎಂಬ ತರುಣ ಖಗೋಳಾಸಕ್ತನ ದೂರದರ್ಶಕದೊಳಗೆ ಜೇಡವೊಂದು ನೂಲೆಳೆದಿತ್ತು. ಆ ನೂಲು ಆಕಾಶದ ದೃಶ್ಯದ ಜೊತೆಗೇ ಅವನಿಗೆ ಸ್ಪಷ್ಟವಾಗಿ ಕಂಡಿತು. ಅವನು ಅಲ್ಲಿ ಅಡ್ಡಗೆರೆಗಳನ್ನು ಕೂರಿಸಿದ, ತಿರುಪಿನಿಂದ ಸರಿಯುವ ಅಳತೆಸಾಧನವನ್ನೂ ಮಾಡಿದ. 1644ರಲ್ಲಿ ಮಾರ್ಸ್ಟನ್ ಮೂರ್ ಕದನದಲ್ಲಿ ಸತ್ತ. ಇಂದಿನ ಸ್ಕೋಪಿನಲ್ಲಿ ಪ್ರತಿಬಿಂಬವನ್ನು ನೆಟ್ಟಗೆ ಮಾಡುವ ಮಸೂರಗಳ ಒಳಕೊಳವೆಯೊಂದು ಹೆಚ್ಚಾಗಿ ಸೇರಿದೆ, ಮೇಲಿನ ಮತ್ತು ಪಕ್ಕದ ಗುಂಡಿಗಳು ಆ ಒಳಕೊಳವೆಯನ್ನೇ ಒತ್ತಿ ಸರಿಸುತ್ತವೆ. ಮೂಲ ಉಪಾಯ ಮಾತ್ರ ಗ್ಯಾಸ್ಕಾಯ್ನ್‌ನದೇ.

ಪ್ರತಿಬಿಂಬ ಮತ್ತು ರೆಟಿಕಲ್ ಎನ್ನುವ ಆ ಅಡ್ಡಗೆರೆಗಳು ಒಂದೇ ತಲದಲ್ಲಿರಬೇಕು ಎಂಬ ಕರಾರನ್ನು ಹೊಸಬರು ಹೆಚ್ಚಾಗಿ ಕಡೆಗಣಿಸುತ್ತಾರೆ. ಗುರಿಯ ದೂರ ಬದಲಾದರೆ ಪ್ರತಿಬಿಂಬ ನಿಲ್ಲುವ ಜಾಗವೂ ಬದಲಾಗುತ್ತದೆ. ಆಗ ಕಣ್ಣು ತುಸು ಅತ್ತಿತ್ತ ಸರಿದರೆ ಅಡ್ಡಗೆರೆ ಗುರಿಯ ಮೇಲೆ ಜಾರಿದಂತೆ ತೋರುತ್ತದೆ. ಚಾಲಕನ ಪಕ್ಕದಲ್ಲಿ ಕೂತವರಿಗೆ ಗಾಡಿಯ ವೇಗಮಾಪಕದ ಮುಳ್ಳು ಬೇರೆಯೇ ಅಂಕಿ ತೋರುವಂತೆ. ಇದೇ ಪ್ಯಾರಲಾಕ್ಸ್, ಕನ್ನಡದಲ್ಲಿ ನೋಟಪಲ್ಲಟ ಎನ್ನಬಹುದು. ಅದರ ಗರಿಷ್ಠ ಪ್ರಮಾಣವನ್ನು ಸರಳ ಗಣಿತದಿಂದ ಕಂಡುಕೊಳ್ಳಬಹುದು. ಮುಂದಿನ ಮಸೂರದ ಅಗಲ 40 ಮಿಲಿಮೀಟರ್ ಇರುವ, 100 ಮೀಟರಿಗೆಂದು ಹೊಂದಿಸಿ ಮುಚ್ಚಿದ ಸ್ಕೋಪನ್ನು 10 ಮೀಟರಿನ ಗುರಿಗೆ ಹಿಡಿದರೆ ಈ ಜಾರಿಕೆ 18 ಮಿಲಿಮೀಟರ್‌ವರೆಗೆ ಹೋಗಬಹುದು. ಅರ್ಧ ಮಿಲಿಮೀಟರಿನ ಚುಕ್ಕಿಯ ಎದುರು 18 ಮಿಲಿಮೀಟರ್! 300 ಮೀಟರಿನಲ್ಲಿ ಅದು 40 ಮಿಲಿಮೀಟರ್. ಬೇಟೆಗೆಂದು ತಯಾರಾದ ಬಹುಪಾಲು ಸ್ಕೋಪುಗಳು ಹೀಗೆ ಒಂದೇ ದೂರಕ್ಕೆ ಕಟ್ಟಿಹಾಕಲ್ಪಟ್ಟವು. ಆದ್ದರಿಂದ ಪಕ್ಕದಲ್ಲೋ ಮುಂಭಾಗದಲ್ಲೋ ಪ್ಯಾರಲಾಕ್ಸ್ ಹೊಂದಿಸುವ ತಿರುಗಣೆ ಇದೆಯೇ, ಅದು 10 ಮೀಟರ್‌ವರೆಗೆ ಇಳಿಯುತ್ತದೆಯೇ ಎಂಬುದು ಹಿಗ್ಗಿಸುವ ಅಂಕಿಗಿಂತ ಮೊದಲು ನೋಡತಕ್ಕದ್ದು.

ಹಿಗ್ಗುವಿಕೆಗೂ ಪ್ರಕೃತಿಯೇ ಹಾಕಿದ ಗಡಿಯಿದೆ. ಬೆಳಕು ಅಲೆಯಾದ್ದರಿಂದ ಮಸೂರದ ಅಂಚಿನಲ್ಲಿ ಅದು ಹರಡುತ್ತದೆ. 50 ಮಿಲಿಮೀಟರ್ ಮಸೂರ ಎಷ್ಟೇ ಚೆನ್ನಾಗಿದ್ದರೂ 2.8 ವಿಕಲೆಗಿಂತ ಸಣ್ಣ ವಿವರವನ್ನು ಬಿಡಿಸಿ ತೋರಿಸಲಾರದು. ಕಣ್ಣಿನ 60 ವಿಕಲೆಯ ಮಿತಿಯನ್ನು ಅಲ್ಲಿಗೆ ತಲುಪಿಸಲು ಇಪ್ಪತ್ತರಿಂದ ಇಪ್ಪತ್ತೈದು ಪಟ್ಟು ಸಾಕು. ಅದರಾಚೆ ಹಿಗ್ಗುವುದು ಮಸುಕು ಮಾತ್ರ. ಹಿಗ್ಗಿದಷ್ಟೂ ಕಣ್ಣಿಗೆ ಬರುವ ಬೆಳಕಿನ ಕಂಬ ತೆಳುವಾಗುತ್ತದೆ: 50 ಮಿಲಿಮೀಟರನ್ನು 25ರಿಂದ ಭಾಗಿಸಿದರೆ ಎರಡೇ ಮಿಲಿಮೀಟರ್, ಹತ್ತರಿಂದ ಭಾಗಿಸಿದರೆ ಐದು. ಬಿಸಿಲಿಗೆ ಕಾದ ನೆಲದ ಮೇಲಿನ ಗಾಳಿ ತರಂಗಿಸುವಾಗ, ಚಳಿಗಾಲದ ಮುಂಬೈಯ ಧೂಳುಮಂಜು ಕವಿದಾಗ, ಈ ಲೆಕ್ಕವೂ ದುಬಾರಿ ಆಸೆಯೇ. ಮೊದಲ ಸ್ಕೋಪಿಗೆ ಹತ್ತರಿಂದ ಹದಿನೈದು ಪಟ್ಟು ಯಥೇಚ್ಛ.

ಅಳತೆಯ ಗೆರೆಗಳಲ್ಲಿ ಎರಡು ಪದ್ಧತಿಗಳಿವೆ. ಒಂದು ಕಲೆಯದು, ಶೂಟರ್‌ಗಳ ಬಾಯಲ್ಲಿ ಎಂಒಎ. ಇನ್ನೊಂದು ಮಿಲಿರೇಡಿಯನ್, ಬಾಯಿಮಾತಿನಲ್ಲಿ ಮಿಲ್. ಕಲೆ 100 ಮೀಟರಿನಲ್ಲಿ 29 ಮಿಲಿಮೀಟರ್ ಆಗುತ್ತದೆ, ಮಿಲ್ ಸರಿಯಾಗಿ 10 ಸೆಂಟಿಮೀಟರ್. ಗುಂಡಿಯ ಒಂದು ಕ್ಲಿಕ್ ಮಿಲ್ಲಿನ ಹತ್ತನೆಯ ಒಂದು ಭಾಗವಾದರೆ 100 ಮೀಟರಿಗೆ 1 ಸೆಂಟಿಮೀಟರ್, 50ಕ್ಕೆ 5 ಮಿಲಿಮೀಟರ್, 10ಕ್ಕೆ 1 ಮಿಲಿಮೀಟರ್. ಮೀಟರಿನಲ್ಲೇ ಅಳೆಯುವ ನಮ್ಮ ರೇಂಜುಗಳಿಗೆ ಇದೇ ಹಿತ. ಗೆರೆಗಳು ಒಳಕೊಳವೆಯ ಮುಂದಿರುವ ಮೊದಲ ನಾಭಿತಲದಲ್ಲಿದ್ದರೆ ಹಿಗ್ಗಿಸುವಿಕೆ ಬದಲಾದರೂ ಅಳತೆ ಕೆಡುವುದಿಲ್ಲ. ಒಳಕೊಳವೆಯ ಹಿಂದಿರುವ ಎರಡನೆಯದರಲ್ಲಿದ್ದರೆ ಗೊತ್ತಾದ ಒಂದು ಹಿಗ್ಗುವಿಕೆಯಲ್ಲಿ ಮಾತ್ರ ಸರಿ. ದೂರ ಮೊದಲೇ ತಿಳಿದಿರುವ ಕಾಗದದ ಗುರಿಗೆ ಎರಡನೆಯದೂ ನಡೆಯುತ್ತದೆ, ಹಣವೂ ಉಳಿಯುತ್ತದೆ.

ಮುಂಬೈಯ ತೇವ ಬೇರೆಯೇ ಅಧ್ಯಾಯ. ಮಳೆಗಾಲದಲ್ಲಿ ಇಲ್ಲಿನ ಗಾಳಿಯ ಇಬ್ಬನಿಬಿಂದು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. 22 ಡಿಗ್ರಿಯ ಎಸಿ ಕೋಣೆಯಿಂದ ಹೊರತಂದ ಗಾಜಿನ ಮೇಲೆ ಹನಿ ಕಟ್ಟುವುದು ಖಚಿತ. ಅದು ಹೊರಗಿನದು, ಕೆಲಹೊತ್ತಿನಲ್ಲಿ ಆರುತ್ತದೆ. ಒಳಗೆ ಕಟ್ಟದಿರಲೆಂದು ಒಳ್ಳೆಯ ಸ್ಕೋಪುಗಳ ಕೊಳವೆಯಲ್ಲಿ ಒಣ ನೈಟ್ರೋಜನ್ ಅಥವಾ ಆರ್ಗಾನ್ ತುಂಬಿ ಮುಚ್ಚಿರುತ್ತಾರೆ. ಹಾಗೆ ಮುಚ್ಚದ ಗಾಜಿನ ಮೇಲೆ ಶಿಲೀಂಧ್ರ ಕವಲೊಡೆದು ಹಬ್ಬುವುದನ್ನು ಈ ಊರಿನ ಛಾಯಾಗ್ರಾಹಕರನ್ನು ಕೇಳಿಯೇ ತಿಳಿಯಬೇಕು. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿ ಇಲ್ಲಿ ಸ್ಕೋಪಿನಷ್ಟೇ ಅಗತ್ಯದ ಖರೀದಿ.

ಹೊಸಬರ ಕೈಗೆ ಮೊದಲು ಸಿಗುವುದು ಸಾಮಾನ್ಯವಾಗಿ ಏರ್ ರೈಫಲ್. ನಳಿಗೆಯ ಒಳ ಅಗಲ 4.5 ಮಿಲಿಮೀಟರ್ ಮೀರದ, ಶಕ್ತಿ 20 ಜೂಲ್ ಮೀರದ ಏರ್ ರೈಫಲ್ಲಿಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿ ಬೇಡ. ಸ್ಪ್ರಿಂಗ್ ಬಳಸುವ ಏರ್ ರೈಫಲ್ ಶಾಂತ ಸ್ವಭಾವದ್ದಾಗಿ ತೋರಿದರೂ ಸ್ಕೋಪಿನ ಪಾಲಿಗೆ ಕ್ರೂರ. ಅದರ ಭಾರದ ಪಿಸ್ಟನ್ ಮುನ್ನುಗ್ಗುವಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಕೊನೆಯಲ್ಲಿ ಪಿಸ್ಟನ್ ತಟ್ಟನೆ ನಿಂತಾಗ ಮುಂದಕ್ಕೆ ಎಳೆಯುತ್ತದೆ. ಹಿಂದೊದೆತಕ್ಕೆ ಮಾತ್ರ ಕಟ್ಟಿದ ಬೆಲೆಬಾಳುವ ಸ್ಕೋಪುಗಳ ಒಳಮಸೂರಗಳು ಈ ಎರಡನೆಯ ಎಳೆತಕ್ಕೆ ಸಡಿಲವಾಗುವುದುಂಟು. ಸಂಕುಚಿತ ಗಾಳಿಯ ಸ್ಪರ್ಧಾ ರೈಫಲ್ಲುಗಳಲ್ಲಿ ಈ ಕಾಟವಿಲ್ಲ.

ಸಾವಿರ ಮೀಟರಿನ ಖಾಲಿ ಜಾಗ ಮುಂಬೈಯಲ್ಲಿ ಕನಸು. ಆದರೂ ಕೊಂಡ ಸ್ಕೋಪು ನಂಬಿಕಸ್ಥವೋ ಎಂದು ತಿಳಿಯಲು ಅಷ್ಟು ದೂರ ಬೇಕಿಲ್ಲ, ಗುಂಡೂ ಬೇಕಿಲ್ಲ. 50 ಮೀಟರಿನಲ್ಲಿ ಅಳತೆಪಟ್ಟಿಯೊಂದನ್ನು ತೂಗುಗುಂಡಿನ ದಾರದ ಪಕ್ಕ ನೆಟ್ಟಗೆ ನಿಲ್ಲಿಸಿ, ಸ್ಕೋಪನ್ನು ಅಲುಗದಂತೆ ಬಿಗಿದು, ಗುಂಡಿಯನ್ನು 10 ಮಿಲ್ ತಿರುಗಿಸಿದರೆ ಅಡ್ಡಗೆರೆ 50 ಸೆಂಟಿಮೀಟರ್ ಸರಿಯಬೇಕು. 49 ಮಾತ್ರ ಸರಿದರೆ ದೋಷ ಶೇಕಡ ಎರಡು. ಸಾಮಾನ್ಯ ದೂರಗುರಿಯ ರೈಫಲ್ಲಿಗೆ ಸಾವಿರ ಮೀಟರಿನಲ್ಲಿ ಸುಮಾರು 12 ಮಿಲ್ ಏರಿಸಬೇಕಾಗುತ್ತದೆ. ಅದರ ಶೇಕಡ ಎರಡು ಅಲ್ಲಿ 24 ಸೆಂಟಿಮೀಟರ್, ಹತ್ತರ ವೃತ್ತದಿಂದ ಆಚೆಗೆ. ಗೆರೆ ದಾರಕ್ಕೆ ಸಮಾನಾಂತರವಾಗಿ ಇಳಿಯದೆ ಒಂದೇ ಡಿಗ್ರಿ ವಾಲಿದರೂ ಅದೇ ದೂರದಲ್ಲಿ ಗುಂಡು 21 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಆ ವಾಲಿಕೆಯನ್ನು ಸರಿಪಡಿಸಲು ಸ್ಕೋಪನ್ನು ರೈಫಲ್ಲಿಗೆ ಬಿಗಿದಿರುವ ಹಿಡಿಕೆಯ ತಿರುಪುಗಳನ್ನು ತುಸು ಸಡಿಲಿಸಿ, ನಿಲುಗೆರೆ ದಾರದ ಮೇಲೆ ಕೂರುವಂತೆ ಕೊಳವೆಯನ್ನು ತಿರುಗಿಸಿ, ತಿರುಪುಗಳನ್ನು ಮತ್ತೆ ಬಿಗಿದರಾಯಿತು.