ರಿಜಿಸ್ಟರಿನಿಂದ ಹೆಸರು ತೆಗೆಯಲ್ಪಟ್ಟ ಪಶುವೈದ್ಯರು ಮರಳಿ ಹೆಸರನ್ನು ಪಡೆಯುವ ಕ್ರಮ

ಕಳೆದ ಸುಗ್ಗಿಯ ಕಾಲದಲ್ಲಿ ನಾನು ಸಂಚಾರದಲ್ಲಿದ್ದಾಗ ಒಂದು ಗ್ರಾಮದ ಮುಖ್ಯಸ್ಥರು ನನಗೊಂದು ಮನವಿಪತ್ರವನ್ನು ತೋರಿಸಿದರು. ಆ ಸೀಮೆಯಲ್ಲಿ ಹಲವು ವರ್ಷ ದನಕರುಗಳಿಗೆ ಚಿಕಿತ್ಸೆ ಮಾಡಿದ್ದ ಪಶುವೈದ್ಯರೊಬ್ಬರ ಹೆಸರು ರಿಜಿಸ್ಟರಿನಿಂದ ತೆಗೆಯಲ್ಪಟ್ಟಿದ್ದಿತು. ರಾಸುಗಳನ್ನು ಕಣ್ಣಾರೆ ನೋಡದೆಯೇ ವಿಮೆಯ ಸರ್ಟಿಫಿಕೇಟುಗಳಿಗೆ ರುಜು ಹಾಕಿದರೆಂಬುದು ಅವರ ಮೇಲೆ ಸಿದ್ಧಪಟ್ಟ ದೋಷ. "ಇದೆಲ್ಲವೂ ಹಗೆಗಳ ಸಂಚು, ಇವರು ನಿರ್ದೋಷಿಗಳು, ಕೂಡಲೇ ಇವರ ಹೆಸರನ್ನು ಮರಳಿ ಸೇರಿಸಬೇಕು" ಎಂದು ಬರೆದು, ಅದರ ಕೆಳಗೆ ನಲವತ್ತಕ್ಕೂ ಮೇಲ್ಪಟ್ಟು ರುಜುಗಳನ್ನೂ ಹೆಬ್ಬೆಟ್ಟಿನ ಗುರುತುಗಳನ್ನೂ ಹಾಕಿಸಿದ್ದರು. ಪ್ರೀತಿಯಿಂದ ಬರೆದ ಈ ಪತ್ರವು ಆ ವೈದ್ಯರಿಗೆ ಉಪಕಾರಕ್ಕಿಂತ ಅಪಕಾರವನ್ನೇ ಮಾಡೀತೆಂದು ನಾನು ಹೇಳಬೇಕಾಯಿತು. ಏಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ನಮ್ಮ ದೇಶದಲ್ಲಿ ಪಶುವೈದ್ಯರ ರಿಜಿಸ್ಟರು ೧೯೮೪ನೆಯ ಇಸವಿಯ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆಗೆ ಒಳಪಟ್ಟದ್ದು. ಆಯಾ ರಾಜ್ಯದ ಪಶುವೈದ್ಯ ಪರಿಷತ್ತು ಅದನ್ನು ಇಟ್ಟುಕೊಂಡು ಬರುತ್ತದೆ. ಅದರಲ್ಲಿ ಹೆಸರುಳ್ಳವರು ಮಾತ್ರವೇ ಪಶುವೈದ್ಯವನ್ನು ವೃತ್ತಿಯಾಗಿ ನಡೆಸಲೂ, ಕಾನೂನಿನ ಮೇರೆಗೆ ಬೇಕಾದ ಸರ್ಟಿಫಿಕೇಟುಗಳಿಗೆ ರುಜು ಹಾಕಲೂ, ನ್ಯಾಯಸ್ಥಾನದಲ್ಲಿ ತಜ್ಞರಾಗಿ ಸಾಕ್ಷ್ಯ ನುಡಿಯಲೂ ಹಕ್ಕುಳ್ಳವರು. ಲಸಿಕೆ ಹಾಕುವುದು, ಹೋರಿಗಳಿಗೆ ಬೀಜ ಒಡೆಯುವುದು, ಗಾಯ ಕಟ್ಟುವುದು ಮುಂತಾದ ಸಣ್ಣ ಕೆಲಸಗಳನ್ನು ತರಬೇತಿ ಹೊಂದಿದ ಸಹಾಯಕರು ಸರ್ಕಾರದ ಅನುಮತಿಯಿದ್ದಲ್ಲಿ ಮಾಡಬಹುದಾದರೂ, ಅದು ರಿಜಿಸ್ಟರಾದ ವೈದ್ಯರ ಮೇಲ್ವಿಚಾರಣೆಯಲ್ಲಿಯೇ ನಡೆಯತಕ್ಕದ್ದು. ಆದುದರಿಂದ ಹೆಸರು ಹೋದವರಿಂದ ಬರೆಯಿಸಿಕೊಂಡ ಸರ್ಟಿಫಿಕೇಟಿನ ನಷ್ಟವು ಕೊನೆಗೆ ರಾಸಿನ ಯಜಮಾನನ ತಲೆಗೇ ಬರುತ್ತದೆಂಬುದನ್ನು ಜಮೀನುದಾರರು ಮರೆಯಲಾಗದು.

ಹೆಸರು ಹೋಗುವುದರಲ್ಲಿಯೂ ಎರಡು ಬಗೆ ಉಂಟು. ರಿಜಿಸ್ಟರಿನಲ್ಲಿ ಉಳಿಯಲು ಕಾಲಕಾಲಕ್ಕೆ ಕೊಡಬೇಕಾದ ನವೀಕರಣ ಶುಲ್ಕವನ್ನು ಗಡುವಿನೊಳಗೆ ಸಲ್ಲಿಸದಿದ್ದರೆ ಹೆಸರು ಬಿಟ್ಟುಹೋಗುತ್ತದೆ. ನಿಬಂಧನೆಗಳಂತೆ ನಡೆದುಕೊಂಡರೆ ಅದು ಮರಳಿ ಸೇರುತ್ತದೆ. ಇದರಲ್ಲಿ ಅಪಕೀರ್ತಿಯೇನೂ ಇಲ್ಲ. ಶುಲ್ಕವನ್ನು ಮರೆತ ಮಾತ್ರಕ್ಕೆ ಒಳ್ಳೆಯ ವೈದ್ಯರನ್ನು ಹಳ್ಳಿಯ ಜಗಲಿಗಳಲ್ಲಿ ಕಳ್ಳರಂತೆ ಆಡಿಕೊಂಡದ್ದನ್ನು ನಾನು ಕೇಳಿದ್ದೇನೆ; ಅದು ಅನ್ಯಾಯ. ಎರಡನೆಯ ಬಗೆಯಾದರೋ ವಿಚಾರಣೆಯಾದ ಮೇಲೆ, ಅಪರಾಧದ ಶಿಕ್ಷೆಗಾಗಲಿ ವೃತ್ತಿಗೆ ಹೀನವಾದ ನಡತೆಗಾಗಲಿ ತೆಗೆದುಹಾಕುವುದು. ಈ ಲೇಖನದ ವಿಷಯವು ಅದೇ.

ಹೀಗೆ ತೆಗೆದ ಹೆಸರನ್ನು ಸಾಕಾದ ಕಾರಣಗಳು ಕಂಡುಬಂದಲ್ಲಿ, ಶುಲ್ಕವನ್ನು ಪಡೆದು, ರಾಜ್ಯ ಪರಿಷತ್ತು ಮರಳಿ ಸೇರಿಸಬಹುದು. ಸಾಕಾದ ಕಾರಣವೆಂದರೇನು? ಇದಕ್ಕೆ ಬ್ರಿಟನ್ನಿನಲ್ಲಿ ಬೆಳೆದು ಬಂದಿರುವ ಪದ್ಧತಿಯನ್ನು ನೋಡುವುದು ಉಪಯುಕ್ತವಾಗಿದೆ. ಅಲ್ಲಿಯ ಕಟ್ಟಳೆ ನಮ್ಮ ಪರಿಷತ್ತುಗಳನ್ನು ಕಟ್ಟಿಹಾಕುವುದಿಲ್ಲವಾದರೂ, ಅದರ ಹಿಂದಿನ ವಿವೇಚನೆ ಎಲ್ಲಿಯೂ ಸಲ್ಲತಕ್ಕದ್ದು. ಅಲ್ಲಿ ೧೮೪೪ರಲ್ಲಿ ರಾಜಸನ್ನದು ಪಡೆದ ರಾಯಲ್ ಪಶುವೈದ್ಯ ಕಾಲೇಜು ರಿಜಿಸ್ಟರನ್ನು ನಡೆಸುತ್ತದೆ. ೧೯೬೬ನೆಯ ಇಸವಿಯ ಕಾಯಿದೆಯ ಪ್ರಕಾರ ಹೆಸರು ತೆಗೆದ ದಿನದಿಂದ ಹತ್ತು ತಿಂಗಳು ತುಂಬುವವರೆಗೆ ಅರ್ಜಿಯನ್ನೇ ಹಾಕಕೂಡದು. ಅರ್ಜಿ ನಿರಾಕರಿಸಲ್ಪಟ್ಟರೆ ಆ ಅರ್ಜಿಯಿಂದ ಮತ್ತೆ ಹತ್ತು ತಿಂಗಳು ಕಾಯಬೇಕು.

ಹತ್ತು ತಿಂಗಳು ಕಳೆದ ಮಾತ್ರಕ್ಕೆ ಬಾಗಿಲು ತೆರೆಯಿತೆಂದು ತಿಳಿಯುವುದು ತಪ್ಪು. ಸೆರೆಮನೆಯ ಅವಧಿ ಮುಗಿದವನು ತಾನಾಗಿ ಹೊರಗೆ ಬರುತ್ತಾನೆ, ಇಲ್ಲಿ ಹಾಗಲ್ಲ. ತಾನು ಮರಳಿ ಯೋಗ್ಯನಾಗಿದ್ದೇನೆಂಬ ರುಜುವಾತಿನ ಭಾರವು ಅರ್ಜಿದಾರನದೇ. ಶಿಸ್ತಿನ ಸಮಿತಿಯು ಮೊದಲಿಗೆ ಕೇಳುವುದು, ಹಿಂದಿನ ತೀರ್ಮಾನವನ್ನು ಈತನು ಒಪ್ಪಿಕೊಂಡಿದ್ದಾನೆಯೇ, ತನ್ನ ತಪ್ಪಿನ ಗುರುತ್ವವನ್ನು ತಿಳಿದಿದ್ದಾನೆಯೇ ಎಂಬುದನ್ನು. ಬಳಿಕ ದೋಷವೆಷ್ಟು ಭಾರವಾದದ್ದು, ಹೆಸರು ಹೋಗಿ ಎಷ್ಟು ಕಾಲವಾಯಿತು, ಆಮೇಲೆ ಈತನ ನಡತೆ ಹೇಗಿದೆ, ವಿದ್ಯೆಯನ್ನು ಹಸನಾಗಿ ಇಟ್ಟುಕೊಂಡಿದ್ದಾನೆಯೇ, ಮರಳಿ ಸೇರಿಸಿದರೆ ಜನರಿಗೂ ಪ್ರಾಣಿಗಳಿಗೂ ಕೇಡಿಲ್ಲವೇ ಎಂಬಿವು. ಅರ್ಜಿದಾರನಿಗೂ ಅವನ ಮನೆಯವರಿಗೂ ಆದ ಕಷ್ಟವನ್ನೂ, ಜನರ ಬೆಂಬಲವನ್ನೂ ಸಮಿತಿಯು ನೋಡುತ್ತದೆ.

ತೀರ್ಮಾನ ತಪ್ಪೆಂದು ತೋರಿದವರಿಗೆ ಅಲ್ಲಿ ಬೇರೆ ದಾರಿಯೇ ಇದೆ. ನೋಟೀಸು ಜಾರಿಯಾದ ಇಪ್ಪತ್ತೆಂಟು ದಿನಗಳೊಳಗಾಗಿ ಪ್ರಿವಿ ಕೌನ್ಸಿಲಿಗೆ ಅಪೀಲು ಮಾಡಿಕೊಳ್ಳಬಹುದು. ಆ ದಾರಿ ಮುಗಿದ ಮೇಲೆ, ಮರುಸೇರ್ಪಡೆಯ ಅರ್ಜಿಯಲ್ಲಿ ಹಳೆಯ ವ್ಯಾಜ್ಯವನ್ನು ಕೆದಕಿದರೆ ಈತನಿಗೆ ಇನ್ನೂ ಬುದ್ಧಿ ಬಂದಿಲ್ಲವೆಂದೇ ಅರ್ಥವಾಗುತ್ತದೆ. ನಮ್ಮ ಮುಖ್ಯಸ್ಥರ ಮನವಿಯಲ್ಲಿದ್ದ ಕುಂದು ಇದೇ.

ವಿದ್ಯೆಯ ವಿಷಯದಲ್ಲಿ ಒಂದು ತೊಡಕುಂಟು. ಹೆಸರು ಹೋದವನು ಚಿಕಿತ್ಸೆ ಮಾಡುವಂತಿಲ್ಲ. ಆದರೂ ಕೈಚಳಕ ಮಾಸಬಾರದು. ಹೊಸ ಔಷಧಗಳ ಗ್ರಂಥಗಳನ್ನೂ ಪತ್ರಿಕೆಗಳನ್ನೂ ಓದುವುದು, ತರಗತಿಗಳಿಗೆ ಹೋಗುವುದು, ರಿಜಿಸ್ಟರಾದ ವೈದ್ಯರ ಜೊತೆಯಲ್ಲಿದ್ದು ಕೈಯಿಡದೆ ಕಣ್ಣಿನಿಂದ ಕಲಿಯುವುದು, ಇವುಗಳಿಗೆಲ್ಲ ತಾರೀಖು ಸಹಿತ ಲೆಕ್ಕವಿಡುವುದು, ಇಷ್ಟೇ ಅವನಿಗೆ ಉಳಿದ ಮಾರ್ಗ. ಇಲ್ಲಿ ಊರಿನವರ ಪಾಲೂ ಇದೆ. "ನಮ್ಮವರೇ ತಾನೆ, ಒಂದು ಇಂಜೆಕ್ಷನ್ ಹಾಕಿಬಿಡಿ" ಎಂದು ಕೊಟ್ಟಿಗೆಗೆ ಕರೆದೊಯ್ಯುವ ಯಜಮಾನನು, ಆ ವೈದ್ಯನು ಮರಳಿ ಬರುವ ದಾರಿಗೆ ತಾನೇ ಮುಳ್ಳು ಹಾಕುತ್ತಾನೆ. ಹಸುವು ಈಯಲಾರದೆ ಒದ್ದಾಡುವ ಸರಿರಾತ್ರಿಯಲ್ಲಿ ಈ ಮಾತನ್ನು ಪಾಲಿಸುವುದು ಸುಲಭವಲ್ಲವೆಂದು ನಾನೂ ಬಲ್ಲೆ. ಹತ್ತಿರದ ಸರ್ಕಾರೀ ಪಶುವೈದ್ಯಶಾಲೆಯ ವೈದ್ಯರಿಗೆ ಹೇಳಿಕಳುಹಿಸುವ ಏರ್ಪಾಡನ್ನು ಮುಖಂಡರು ಮೊದಲೇ ಮಾಡಿಟ್ಟುಕೊಂಡಿರಬೇಕು.

ಇನ್ನು ಶಿಫಾರಸು ಪತ್ರ. ಬರೆಯುವವರು ವೈದ್ಯನ ದೋಷವೇನೆಂಬುದನ್ನು ಪೂರ್ತಿಯಾಗಿ ತಿಳಿದು, ತಿಳಿದಿರುವೆನೆಂದು ಪತ್ರದಲ್ಲಿಯೇ ಹೇಳಬೇಕು. ಅದನ್ನು ತಿಳಿಯದೆ ಬರೆದ ಹೊಗಳಿಕೆಗೆ ಬೆಲೆಯಿಲ್ಲ. ಕುಲ, ಮನೆತನ, ಹಿಂದಿನ ಉಪಕಾರಗಳನ್ನು ಎತ್ತಿ ಆಡುವ ಬದಲು, ಹೆಸರು ಹೋದಂದಿನಿಂದ ತಾವು ಸ್ವತಃ ಕಂಡುದನ್ನಷ್ಟೇ ಬರೆಯಬೇಕು. ನೂರು ಹೆಬ್ಬೆಟ್ಟುಗಳಿಗಿಂತ ಕಂಡವರಿಬ್ಬರ ರುಜು ಹೆಚ್ಚು.

ನಾನು ಹೇಳಿದುದನ್ನು ಆ ಮುಖ್ಯಸ್ಥರು ಮೊದಲು ಒಪ್ಪಲಿಲ್ಲ. ಒಂದು ಗಳಿಗೆ ಸುಮ್ಮನಿದ್ದು, ಒಳಗಿದ್ದ ವೈದ್ಯರನ್ನೇ ಕರೆಸಿದರು. ಅವರು ಮನವಿಯನ್ನು ಓದಿ, "ಸಂಚೇನೂ ಇಲ್ಲ, ನಾನು ರುಜು ಹಾಕಿದ್ದು ನಿಜ" ಎಂದರು. ಮರುದಿನ ಸಿದ್ಧವಾದ ಪತ್ರದಲ್ಲಿ ಹನ್ನೆರಡು ಸಾಲುಗಳಿದ್ದವು. ದೋಷದ ಹೆಸರು ಮೊದಲನೆಯ ಸಾಲಿನಲ್ಲಿಯೇ ಇದ್ದಿತು. ಅದರ ಕೆಳಗೆ ಮುಖ್ಯಸ್ಥರದೂ, ರಾತ್ರಿ ಕರೆದರೂ ಚಿಕಿತ್ಸೆಗೆ ಬಾರದೆ ಬೇರೆ ವೈದ್ಯರನ್ನು ಕರೆತರಲು ಹೇಳಿ ಅವರು ತಮ್ಮನ್ನು ಹಿಂದಕ್ಕೆ ಕಳುಹಿಸಿದ್ದರೆಂದು ಬರೆದುಕೊಟ್ಟ ಒಬ್ಬ ರೈತರದೂ ರುಜುಗಳಿದ್ದವು.