ಪಾಸ್ಕಭೋಜನ ಮತ್ತು ಯೆಹೂದ್ಯರ ಅಡುಗೆಮನೆ

ಪವಿತ್ರ ಗುರುವಾರದ ಸಂಜೆಯ ಬಲಿಪೂಜೆಯಲ್ಲಿ ನಾವು ಆಲಿಸುವ ಮೊದಲನೆಯ ವಾಚನ ವಿಮೋಚನಾಕಾಂಡದ 12ನೇ ಅಧ್ಯಾಯದ್ದು. ಬೆಂಕಿಯಲ್ಲಿ ಸುಟ್ಟ ಕುರಿಮರಿಯ ಮಾಂಸ, ಹುಳಿಯಿಲ್ಲದ ರೊಟ್ಟಿ, ಕಹಿಯಾದ ಸೊಪ್ಪು. ಇದನ್ನು ನಡುಕಟ್ಟಿಕೊಂಡು ಅವಸರದಲ್ಲಿ ಉಣ್ಣಬೇಕೆಂದು ದೇವರ ಅಪ್ಪಣೆ. ಪ್ರಭು ಯೇಸು ತಮ್ಮ ಶಿಷ್ಯರೊಡನೆ ಕಡೆಯ ಊಟಕ್ಕೆ ಕುಳಿತದ್ದು ಈ ಹಬ್ಬದ ಸಮಯದಲ್ಲೇ. ನಮ್ಮ ಬಲಿಪೀಠದ ಮೇಲಿನ ಹುಳಿಯಿಲ್ಲದ ರೊಟ್ಟಿಯ ಬೇರು ಅಲ್ಲಿದೆ. ಆದರೆ ಆ ಹಬ್ಬವನ್ನು ಇಂದಿಗೂ ಮನೆಯಲ್ಲಿ ಆಚರಿಸುವ ಯೆಹೂದ್ಯ ಕುಟುಂಬಗಳ ಬಗ್ಗೆ ನಮಗೆ ತಿಳಿದಿರುವುದು ಅತ್ಯಲ್ಪ.

ಕ್ರಿ.ಶ. 70ರಲ್ಲಿ ರೋಮನರು ಜೆರುಸಲೇಮಿನ ದೇವಾಲಯವನ್ನು ಕೆಡವಿದರು. ಅಂದಿನಿಂದ ಕುರಿಮರಿಯ ಬಲಿ ನಿಂತು, ಮನೆಯ ಊಟದ ಮೇಜೇ ಹಬ್ಬದ ಕೇಂದ್ರವಾಯಿತು. ರೊಟ್ಟಿಯ ವಿಷಯದಲ್ಲಿ ಅವರ ಎಚ್ಚರಿಕೆ ಬೆರಗು ತರುವಂಥದ್ದು: ಹಿಟ್ಟಿಗೆ ನೀರು ತಾಗಿದ 18 ನಿಮಿಷದೊಳಗೆ ರೊಟ್ಟಿ ಬೆಂದಾಗಬೇಕು. ಈಜಿಪ್ಟಿನಲ್ಲಿ ಪೂರ್ವಜರು ಇಟ್ಟಿಗೆಗೆ ಕಲಸಿದ ಮಣ್ಣನ್ನು ನೆನಪಿಸಲು ‘ಹರೋಸೆತ್’ ಎಂಬ ಸಿಹಿ ಗೊಜ್ಜು ಮಾಡುತ್ತಾರೆ. ಪೋಲೆಂಡಿನ ತಾಯಿ ಅದಕ್ಕೆ ಸೇಬು, ಅಕ್ರೋಟು, ದಾಲ್ಚಿನ್ನಿ ಹಾಕಿದರೆ, ಸೇಬು ದುರ್ಲಭವಾದ ಇರಾಕಿನ ತಾಯಿ ಖರ್ಜೂರದ ಪಾಕ ಬಳಸಿದಳು. ಇಬ್ಬರ ಮಕ್ಕಳೂ ಕೇಳಿದ ಕಥೆ ಒಂದೇ.

ಸಬ್ಬತ್‌ದಿನ ಮನೆಯಲ್ಲಿ ಬೆಂಕಿ ಹೊತ್ತಿಸಬಾರದೆಂದು ಧರ್ಮಶಾಸ್ತ್ರ ಹೇಳುತ್ತದೆ. ಬಿಸಿಯೂಟವಿಲ್ಲದೆ ಹಬ್ಬ ಹೇಗೆ? ಶುಕ್ರವಾರ ಸೂರ್ಯಾಸ್ತಕ್ಕೆ ಮುನ್ನವೇ ಮಡಕೆಯನ್ನು ಸಣ್ಣ ಉರಿಯ ಮೇಲಿಟ್ಟು ರಾತ್ರಿಯಿಡೀ ಬೇಯಲು ಬಿಟ್ಟರು. ಪೂರ್ವ ಯೂರೋಪಿನಲ್ಲಿ ಆ ಮಡಕೆಯಲ್ಲಿ ಮಾಂಸ, ಬಾರ್ಲಿ, ಒಣ ಹುರುಳಿಕಾಯಿ ಬೀಜ, ಆಲೂಗಡ್ಡೆ. ಮೊರಾಕೋದಲ್ಲಿ ಕಡಲೆ, ಗೋಧಿ, ಸಿಪ್ಪೆಸಹಿತ ಮೊಟ್ಟೆ. ಬಾಗ್ದಾದಿನಲ್ಲಿ ಕೋಳಿ ಮತ್ತು ಅಕ್ಕಿ.

ಈ ಮಡಕೆಯ ವಿಷಯದಲ್ಲಿ ಕಥೋಲಿಕರಾದ ನಾವು ತಲೆತಗ್ಗಿಸಬೇಕಾದ ಒಂದು ಅಧ್ಯಾಯವಿದೆ. 1478ರಲ್ಲಿ ಸ್ಪೇನಿನಲ್ಲಿ ಸ್ಥಾಪನೆಯಾದ ಧರ್ಮವಿಚಾರಣಾ ಮಂಡಳಿ, ಕ್ರೈಸ್ತರಾಗಿ ಮತಾಂತರಗೊಂಡ ಯೆಹೂದ್ಯರ ಅಡುಗೆಮನೆಗೂ ಕಣ್ಣಿಟ್ಟಿತು. ಶುಕ್ರವಾರವೇ ಮಡಕೆ ಒಲೆಗಿಡುವುದು, ಹಂದಿಕೊಬ್ಬು ಬಿಟ್ಟು ಆಲಿವ್ ಎಣ್ಣೆಯಲ್ಲಿ ಕರಿಯುವುದು ಗುಟ್ಟಿನ ಯೆಹೂದ್ಯಾಚರಣೆಗೆ ಸಾಕ್ಷ್ಯವೆನಿಸಿದವು. ಮನೆಗೆಲಸದವರು, ನೆರೆಹೊರೆಯವರು ದೂರು ಕೊಟ್ಟರು. ಅಜ್ಜಿಯಿಂದ ಕಲಿತ ಅಡುಗೆ ಕೆಲವರ ಪ್ರಾಣಕ್ಕೇ ಕುತ್ತಾಯಿತು. ಯೆಹೂದ್ಯರ ವಿರುದ್ಧದ ಹಗೆತನವನ್ನು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟವಾಗಿ ಖಂಡಿಸಿತು. ಸಂತ ಎರಡನೇ ಜಾನ್ ಪೌಲರು 2000ದ ಮಾರ್ಚ್ 26ರಂದು ಜೆರುಸಲೇಮಿನ ಪಶ್ಚಿಮ ಗೋಡೆಯ ಕಲ್ಲುಸಂದಿನಲ್ಲಿ ಕ್ಷಮೆ ಬೇಡುವ ಪ್ರಾರ್ಥನೆಯ ಚೀಟಿಯನ್ನಿಟ್ಟರು.

ನಮಗೆ ಹತ್ತಿರದ ಉದಾಹರಣೆ ಕೊಂಕಣದ ಬೆನೆ ಇಸ್ರಾಯೇಲರದು. ಇಂದಿನ ರಾಯಗಡ ಜಿಲ್ಲೆಯ ಹಳ್ಳಿಗಳಲ್ಲಿ ಗಾಣದಿಂದ ಎಣ್ಣೆ ತೆಗೆದು ಬಾಳಿದ ಇವರು ಶನಿವಾರ ಗಾಣ ನಿಲ್ಲಿಸುತ್ತಿದ್ದರು. ಆದ್ದರಿಂದ ನೆರೆಯವರು ‘ಶನಿವಾರ ತೇಲಿ’ ಎಂದು ಕರೆದರು. ಮರಾಠಿ ಆಡಿದರು, ಅನ್ನ ಮೀನು ಉಂಡರು. ಆದರೆ ರೆಕ್ಕೆ ಮತ್ತು ಪೊರೆ ಎರಡೂ ಇರುವ ಮೀನನ್ನು ಮಾತ್ರ. ಸಿಗಡಿ, ಏಡಿ ವರ್ಜ್ಯ. (ಕರಾವಳಿಯಲ್ಲಿದ್ದು ಸಿಗಡಿ ಬಿಡುವುದೆಷ್ಟು ಕಷ್ಟವೆಂದು ನಮ್ಮ ಮಂಗಳೂರಿನ ಓದುಗರಿಗೆ ಹೇಳಬೇಕಿಲ್ಲ.) ಆಡುಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದೆಂಬ ಆಜ್ಞೆಯಂತೆ ಮಾಂಸಕ್ಕೆ ಹಾಲು, ಮೊಸರು, ತುಪ್ಪ ಸೇರಿಸುವಂತಿಲ್ಲ. ಇಲ್ಲಿ ಕೈಹಿಡಿದದ್ದು ತೆಂಗಿನಮರ. ಮಾಂಸದ ಸಾರಿಗೆ ತೆಂಗಿನಹಾಲು ಸುರಿದರು. ಆಜ್ಞೆಯೂ ಉಳಿಯಿತು, ರುಚಿಯೂ ಕೂಡಿತು. ಸಬ್ಬತ್‌ದಿನದ ಆಶೀರ್ವಾದಕ್ಕೆ ದ್ರಾಕ್ಷಾರಸ ಸಿಗದಿದ್ದಾಗ ಒಣದ್ರಾಕ್ಷಿ ನೆನೆಸಿ ಹಿಂಡಿದರು.

ಇವರದೇ ವಿಶೇಷ ‘ಮಲೀದಾ’. ನೆನೆಸಿದ ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ, ಏಲಕ್ಕಿ, ಒಣಹಣ್ಣು ಬೆರೆಸಿ, ಸುತ್ತಲೂ ಹಣ್ಣುಗಳನ್ನು ಜೋಡಿಸಿ, ಪ್ರವಾದಿ ಎಲೀಯನನ್ನು ಸ್ಮರಿಸಿ ದೇವರಿಗೆ ಕೃತಜ್ಞತೆ ಸಲ್ಲಿಸುತ್ತಾರೆ. ಮದುವೆ, ಹೊಸಮನೆ, ಹರಕೆ ತೀರಿದ ದಿನ ಇದು ಇರಲೇಬೇಕು. 1948ರ ನಂತರ ಇವರಲ್ಲಿ ಬಹುಪಾಲು ಜನರು ಇಸ್ರಾಯೇಲಿಗೆ ವಲಸೆ ಹೋದರು. ಅಶ್ದೋದ್, ಲೋದ್, ಬೇರ್ಷೆಬ ಪಟ್ಟಣಗಳ ಮನೆಗಳಲ್ಲಿ ಇಂದಿಗೂ ಮಲೀದಾ ತಟ್ಟೆಯಲ್ಲಿರುವುದು ಅವಲಕ್ಕಿ ಮತ್ತು ತೆಂಗಿನತುರಿಯೇ.